ತಂಡ ಬಿಟ್ಟವನು ಅನ್ನಿಸಿಕೊಳ್ಳುವ ಭಯ: ಒಂದು ಆಪ್ತಸಲಹೆ ಪ್ರಕರಣ

"ಟೆನೆಸ್ಸಿ ಸೋತ ಶನಿವಾರ ಇವರು ನಮ್ಮ ಜೊತೆ ಮಾತಾಡಲ್ಲ. ಗೆದ್ದರೂ ರಾತ್ರಿ ನಿದ್ದೆ ಮಾಡಲ್ಲ. ಏನಾಗಿದೆ ಅಂತ ನೀವೇ ಕೇಳಿ." ಆಪ್ತಸಲಹೆಗಾರ್ತಿಯಾದ ನನಗೆ ಫೋನಿನಲ್ಲಿ ಇಷ್ಟು ಹೇಳಿ ಒಬ್ಬ ಹೆಂಗಸು ತಮ್ಮ ಗಂಡನಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡರು. ಟೆನೆಸ್ಸಿ ಎಂದು ಅವರು ಹೇಳಿದ್ದು ಟೆನೆಸ್ಸಿ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಬಗ್ಗೆ.

ಆ ಗಂಡನನ್ನು ಇಲ್ಲಿ ಜೆ. ಎಂದು ಕರೆಯುತ್ತೇನೆ. ವಯಸ್ಸು ನಲವತ್ತರ ಹತ್ತಿರ. ಅಮೆರಿಕದ ಟೆನೆಸ್ಸಿ ರಾಜ್ಯದ ಪೂರ್ವಭಾಗದ ಸಣ್ಣ ಊರಿನವರು. ಮನೆಗಳಿಗೆ ಏಸಿ, ಹೀಟರ್ ಕೂರಿಸುವ ಕೆಲಸ. ಒಂಬತ್ತು ವರ್ಷದ ಒಬ್ಬ ಮಗ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದದ್ದು.

ಫುಟ್‌ಬಾಲ್ ಎಂದರೆ ಇಲ್ಲಿ ಅಮೆರಿಕನ್ ಫುಟ್‌ಬಾಲ್, ಅದರಲ್ಲೂ ಕಾಲೇಜು ತಂಡಗಳದ್ದು. ಅದರ ತೂಕ ಊರಲ್ಲಿರುವ ನಮ್ಮವರಿಗೆ ಅಂದಾಜಾಗುವುದು ಕಷ್ಟ. ನಾಕ್ಸ್‌ವಿಲ್ ನಗರದ ನೇಲ್ಯಾಂಡ್ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಪಕ್ಕದ ಟೆನೆಸ್ಸಿ ನದಿಯಲ್ಲಿ ದೋಣಿಗಳನ್ನು ಒಂದಕ್ಕೊಂದು ಕಟ್ಟಿಕೊಂಡು ಅಡುಗೆ ಮಾಡಿ ಉಣ್ಣುತ್ತಾರೆ. ಅಜ್ಜಿಯಿಂದ ಎಳೆಗೂಸಿನವರೆಗೆ ಎಲ್ಲರದೂ ಕಿತ್ತಳೆ ಬಣ್ಣದ ಬಟ್ಟೆ. ತೇರಿನ ದಿನ ನಮ್ಮೂರು ಹೇಗಿರುತ್ತದೋ, ಶರತ್ಕಾಲದ ಶನಿವಾರ ಆ ಊರು ಹಾಗಿರುತ್ತದೆ. ಮರುದಿನ ಬೆಳಿಗ್ಗೆ ಅದೇ ಜನ ಚರ್ಚಿನಲ್ಲಿರುತ್ತಾರೆ.

ಜೆ. ಚರ್ಚಿಗೆ ಹೋಗುವುದನ್ನು ನಿಲ್ಲಿಸಿ ಒಂದೆರಡು ವರ್ಷವಾಗಿತ್ತು. ನಂಬಿಕೆ ಹೋಗಿ ಇನ್ನೂ ಜಾಸ್ತಿ ಕಾಲವಾಗಿತ್ತು. ಇದನ್ನು ಹೆಂಡತಿಗೆ ಅರ್ಧ ಹೇಳಿದ್ದರು, ಅಪ್ಪನಿಗೆ ಏನೂ ಹೇಳಿರಲಿಲ್ಲ. ಅಪ್ಪ ಸದರ್ನ್ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಚರ್ಚೊಂದರಲ್ಲಿ ಡೀಕನ್, ಅಂದರೆ ಚರ್ಚಿನ ಸೇವೆಯ ಹೊಣೆ ಹೊತ್ತವರು. ಶನಿವಾರದ ಆಟಕ್ಕೆ ಅಪ್ಪ, ಜೆ. ಇಬ್ಬರೂ ಒಂದೇ ಪಿಕಪ್ ಟ್ರಕ್ಕಿನಲ್ಲಿ ಹೋಗುತ್ತಾರೆ. "ಭಾನುವಾರ ಯಾಕೆ ಬರ್ತಿಲ್ಲ?" ಎಂದು ಅಪ್ಪ ಕೇಳಿದರೆ "ಕೆಲಸ ಇದೆ ಸರ್" ಎನ್ನುತ್ತಿದ್ದರು. ಅಮೆರಿಕದ ದಕ್ಷಿಣದಲ್ಲಿ ಅಪ್ಪನಿಗೂ ಸರ್, ಕೋಚ್‌ಗೂ ಸರ್. ಈ ಪ್ರಕರಣದಲ್ಲಿ ಇದು ಸಣ್ಣ ವಿಷಯವಲ್ಲ.

ಮೊದಲ ಕೆಲವು ಭೇಟಿಗಳಲ್ಲಿ ಅವರು ಚರ್ಚಿನ ಸುದ್ದಿಯನ್ನೇ ಎತ್ತಲಿಲ್ಲ. ಮಾತೆಲ್ಲ ಕೋಚ್‌ಗಳ ಬಗ್ಗೆ. ನಾನೂ ತಡೆಯಲಿಲ್ಲ. ತಮಗೆ ಚೆನ್ನಾಗಿ ಗೊತ್ತಿರುವ ವಿಷಯ ಮಾತಾಡುವಾಗ ಜನ ತಮ್ಮ ಬಗ್ಗೆಯೇ ಹೆಚ್ಚು ಹೇಳಿಕೊಳ್ಳುತ್ತಾರೆ.

ಟೆನೆಸ್ಸಿ ಅಭಿಮಾನಿಗೆ ಈ ವಿಷಯದಲ್ಲಿ ಹೇಳಲು ಬೇಕಾದಷ್ಟಿದೆ. ಫಿಲಿಪ್ ಫುಲ್ಮರ್ 1998ರ ಸೀಸನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದುಕೊಟ್ಟರು. ಹತ್ತು ವರ್ಷದ ನಂತರ ಅವರನ್ನೇ ತೆಗೆದರು. ಬಂದ ಲೇನ್ ಕಿಫಿನ್ ಒಂದೇ ಸೀಸನ್ ಮುಗಿಸಿ 2010ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಇನ್ನೊಂದು ತಂಡಕ್ಕೆ ಹೊರಟರು. ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿಗಳು ರಸ್ತೆಗಿಳಿದು ಗಲಾಟೆ ಮಾಡಿದರು. ಆಮೇಲೆ ಡೆರೆಕ್ ಡೂಲಿ, ಬುಚ್ ಜೋನ್ಸ್, ಜೆರೆಮಿ ಪ್ರುಯಿಟ್. 2021ರಲ್ಲಿ ಜಾಶ್ ಹೈಪಲ್. ಪ್ರತಿಸಲವೂ "ಇವರನ್ನು ನಂಬಿ, ಸಮಯ ಕೊಡಿ" ಎಂಬ ಮಾತು ಕೇಳಿದ್ದೇನೆ ಎಂದರು ಜೆ.

2016ರ ನವೆಂಬರಿನ ಒಂದು ಪತ್ರಿಕಾಗೋಷ್ಠಿ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ತಂಡ ಅಂದುಕೊಂಡಷ್ಟು ಗೆದ್ದಿರಲಿಲ್ಲ. ಆಗ ಬುಚ್ ಜೋನ್ಸ್, ತಮ್ಮ ಹಿರಿಯ ಆಟಗಾರರು ಎಲ್ಲಕ್ಕಿಂತ ದೊಡ್ಡ ಚಾಂಪಿಯನ್‌ಷಿಪ್ ಗೆದ್ದಿದ್ದಾರೆ, ಅದು ಜೀವನದ ಚಾಂಪಿಯನ್‌ಷಿಪ್ ಎಂದರು. ಅದೇ ವಾರ ವ್ಯಾಂಡರ್‌ಬಿಲ್ಟ್ ಎದುರು ತಂಡ ಸೋತಿತು. ಜೆ. ಹೇಳಿದ್ದು: "ಆ ಮನುಷ್ಯ ಕೆಟ್ಟವರಲ್ಲ. ಆದರೆ ಸೋತಾಗ ಗೆಲುವಿನ ಅರ್ಥವನ್ನೇ ಬದಲಿಸಿದ ಹಾಗೆ ಕೇಳಿಸಿತು. ಈ ಮಾತನ್ನು ನಾನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಚರ್ಚಿನಲ್ಲಿ ಕೇಳಿದ್ದೆ. ಪ್ರಾರ್ಥನೆ ಫಲಿಸಿದರೆ ದೇವರ ಕೃಪೆ, ಫಲಿಸದಿದ್ದರೆ ದೇವರ ಯೋಜನೆ."

ಅವರು ಮೆಚ್ಚುವ ಕೋಚ್ ಯಾರು ಗೊತ್ತಾ? ನಿಕ್ ಸೇಬನ್. ಅಲಬಾಮದ ಕೋಚ್ ಆಗಿದ್ದವರು, 2007ರಿಂದ 2021ರವರೆಗೆ ಪ್ರತಿವರ್ಷ ಟೆನೆಸ್ಸಿಯನ್ನು ಸೋಲಿಸಿದವರು. ಸ್ಕೋರ್‌ಬೋರ್ಡ್ ನೋಡಬೇಡಿ, ಪಂದ್ಯದಲ್ಲಿ ಈಗ ನಡೆಯುತ್ತಿರುವ ಒಂದು ತುಣುಕು ಆಟವನ್ನು ಸರಿಯಾಗಿ ಆಡಿ, ಅದು ಮುಗಿದ ಮೇಲೆ ಮುಂದಿನದು ಎನ್ನುವುದು ಅವರ ಪದ್ಧತಿ. ಸೇಬನ್ ಹಿಂದೆ ಮಿಷಿಗನ್ ಸ್ಟೇಟ್‌ನಲ್ಲಿದ್ದಾಗ ಅಲ್ಲಿನ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕ ಲಯೋನೆಲ್ ರೋಸನ್ ಜೊತೆ ಮಾತಾಡಿ ಇದನ್ನು ರೂಪಿಸಿಕೊಂಡರು. "ಅವರು ಯಾಕೆ ಅಂತ ಹೇಳಿಕೊಡ್ತಾರೆ. ಹೆಜ್ಜೆ ಇಲ್ಲಿ ಯಾಕೆ ಇಡಬೇಕು, ಕೈ ಅಲ್ಲಿ ಯಾಕೆ ಇರಬೇಕು. ಸುಮ್ನೆ ನಂಬು ಅನ್ನಲ್ಲ" ಎಂದರು ಜೆ. ಒಳ್ಳೆಯ ಕೋಚ್ ಎಂದರೆ ಕಾರಣ ಹೇಳುವವನು, ತಪ್ಪು ತನ್ನದಾದರೆ ಒಪ್ಪಿಕೊಳ್ಳುವವನು, ಗಾಯವಾದವನನ್ನು ಮೈದಾನಕ್ಕೆ ತಳ್ಳದವನು. ಇದು ಅವರ ಅಳತೆಗೋಲು. ನನ್ನ ಕೆಲಸಕ್ಕೆ ಕೊನೆಗೆ ಇದೇ ಉಪಯೋಗಕ್ಕೆ ಬಂತು.

ಹೈಸ್ಕೂಲಿನಲ್ಲಿ ಜೆ. ಲೆಫ್ಟ್ ಗಾರ್ಡ್. ಅಂದರೆ ಮುಂದಿನ ಸಾಲಿನಲ್ಲಿ ನಿಲ್ಲುವ ಐವರಲ್ಲಿ ಒಬ್ಬ. ಚೆಂಡು ಹಿಡಿದು ಓಡುವ ಅವಕಾಶ ಈ ಐವರಿಗೆ ಸಿಗುವುದು ಅಪರೂಪ. ಎದುರಾಳಿಗಳನ್ನು ತಡೆದು, ಹಿಂದೆ ಚೆಂಡು ಹಿಡಿದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವುದೇ ಅವರ ಮುಖ್ಯ ಕೆಲಸ. ಒಬ್ಬ ಜಾಗ ಬಿಟ್ಟರೆ ಪೆಟ್ಟು ಬೀಳುವುದು ಇನ್ನೊಬ್ಬನಿಗೆ. ಅಭ್ಯಾಸ ಮುಗಿದ ಮೇಲೆ ಮೈದಾನದ ನಡುವಿನ ಗೆರೆಯ ಮೇಲೆ ಎಲ್ಲರೂ ಮಂಡಿಯೂರಿ, ಪಕ್ಕದವನ ಭುಜದ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ಬೆವರಿಗೆ ಒದ್ದೆಯಾದ ಜೆರ್ಸಿ, ಅದರ ಮೇಲೆ ಗೆಳೆಯನ ಭಾರದ ಕೈ. ಅದನ್ನು ಹೇಳುವಾಗ ಜೆ. ತಮ್ಮ ಎಡಭುಜವನ್ನು ತಾವೇ ಮುಟ್ಟಿಕೊಂಡರು. ಹದಿನಾರನೇ ವಯಸ್ಸಿನಲ್ಲಿ ಒಂದು ಸಂಜೆ ಕೋಚ್ ಪಿಜ್ಜಾ ತರಿಸಿ, ಪಾಸ್ಟರ್ ಒಬ್ಬರನ್ನು ಕರೆಸಿದರು. ಯೇಸುವನ್ನು ಒಪ್ಪಿಕೊಳ್ಳುವವರು ಮುಂದೆ ಬನ್ನಿ ಎಂದಾಗ ಅದೇ ಸಾಲಿನ ಸೆಂಟರ್ ಎದ್ದ, ರೈಟ್ ಗಾರ್ಡ್ ಎದ್ದ, ಇವರೂ ಎದ್ದರು. "ಒತ್ತಾಯ ಇರಲಿಲ್ಲ. ಆದರೆ ಸಾಲು ಹೊರಟರೆ ನಾನು ಕೂತಿರೋದು ಹೇಗೆ?"

ಅವರ ಸಂಕಟದ ಬೇರು ಇಲ್ಲಿತ್ತು. ಧರ್ಮ ಅವರಿಗೆ ಬಂದದ್ದು ಕೋಚ್ ಮೂಲಕ, ತಂಡದ ಭಾಷೆಯಲ್ಲಿ. ಹಾಗಾಗಿ ಬಿಡುವಾಗಲೂ ಅದು ತಂಡ ಬಿಟ್ಟ ಹಾಗೆಯೇ ಆಯಿತು. ಆ ಸೀಮೆಯಲ್ಲಿ ಗಂಡುಮಕ್ಕಳಿಗೆ "ಅರ್ಧಕ್ಕೆ ಬಿಟ್ಟವನು" ಎಂಬುದಕ್ಕಿಂತ ದೊಡ್ಡ ಬೈಗುಳವಿಲ್ಲ.

ಇನ್ನೊಂದು ಗಂಟೂ ಇತ್ತು. ಯೇಸುವನ್ನು ನಂಬಿ ಒಮ್ಮೆ ರಕ್ಷಣೆ, ಅಂದರೆ ನರಕದಿಂದ ಬಿಡುಗಡೆ, ಸಿಕ್ಕವನು ಅದನ್ನು ಎಂದಿಗೂ ಕಳೆದುಕೊಳ್ಳುವುದಿಲ್ಲ ಎನ್ನುವುದು ಸದರ್ನ್ ಬ್ಯಾಪ್ಟಿಸ್ಟರ ನಂಬಿಕೆ. ಹಾಗಾದರೆ ಬಿಟ್ಟು ಹೋದವನ ಲೆಕ್ಕ ಏನು? ಒಂದೋ ಮತ್ತೆ ಬರುತ್ತಾನೆ, ಇಲ್ಲವೇ ಅವನು ಮೊದಲಿಂದಲೂ ನಿಜವಾಗಿ ನಂಬಿದ್ದವನೇ ಅಲ್ಲ. ಸೋದರಮಾವ ಒಬ್ಬರು ಎರಡನೆಯದನ್ನು ಮುಖಕ್ಕೇ ಹೇಳಿದ್ದರು. ಜೆ.ಗೆ ತುಂಬ ನೋವಾದದ್ದು ಅದರಿಂದ. ಯಾಕೆಂದರೆ ಅವರು ನಂಬಿದ್ದರು. ವರ್ಷಗಟ್ಟಲೆ ರಾತ್ರಿ ಬೈಬಲ್ ಓದಿ ಮಲಗಿದವರು. ಬಿರುಗಾಳಿಗೆ ಹಾರಿಹೋದ ಮನೆಗಳ ಮಾಡು ಕಟ್ಟಲು ಚರ್ಚಿನವರ ಜೊತೆ ರಜೆ ಹಾಕಿ ಹೋದವರು. ಅದೆಲ್ಲ ಸುಳ್ಳು ಎಂದರೆ ಯಾರಿಗಾದರೂ ಸಂಕಟವಾಗುವುದಿಲ್ಲವೇ?

ಹಾಗಿದ್ದರೆ ನಂಬಿಕೆ ಹೋದದ್ದು ಯಾಕೆ? ಒಂದೇ ಕಾರಣವಿಲ್ಲ. 1999ರ ಜನವರಿಯ ಫಿಯೆಸ್ಟಾ ಬೌಲ್ ಫೈನಲ್‌ನಲ್ಲಿ ಟೆನೆಸ್ಸಿ 23-16ರಿಂದ ಫ್ಲೋರಿಡಾ ಸ್ಟೇಟನ್ನು ಸೋಲಿಸಿತು. ಎದುರಾಳಿ ಕೋಚ್ ಬಾಬಿ ಬೌಡನ್ ದೊಡ್ಡ ದೈವಭಕ್ತರೆಂದು ದೇಶಕ್ಕೆಲ್ಲ ಗೊತ್ತಿತ್ತು. "ಅವರು ನಮಗಿಂತ ಜಾಸ್ತಿ ಪ್ರಾರ್ಥನೆ ಮಾಡ್ತಾರಲ್ವಾ? ದೇವರು ನಮ್ಮ ಕಡೆ ಯಾಕೆ ಬಂದ?" ಎಂದು ಹುಡುಗ ಜೆ. ಕೇಳಿದ್ದರಂತೆ. ಅಪ್ಪ ನಕ್ಕು ತಲೆ ಸವರಿದರು. ಪ್ರಶ್ನೆ ಅಲ್ಲೇ ಉಳಿಯಿತು. ಮುಂದೆ ಚರ್ಚಿನ ಮುಖಂಡರೊಬ್ಬರ ತಪ್ಪನ್ನು ಮುಚ್ಚಿಟ್ಟು, "ಕ್ಷಮಿಸಿ, ಪ್ರಶ್ನಿಸಬೇಡಿ" ಎಂದಾಗ ಅದು ಬೆಳೆಯಿತು. 2015ರಲ್ಲಿ, ಟೆನೆಸ್ಸಿಗೇ ಆಡಿದ್ದ ಏರಿಯನ್ ಫಾಸ್ಟರ್ ತಾನು ದೇವರನ್ನು ನಂಬುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಆ ಸುದ್ದಿಯನ್ನು ಜೆ. ಕೆಲಸದ ವ್ಯಾನಿನಲ್ಲಿ ಕೂತು ಮತ್ತೆ ಮತ್ತೆ ಓದಿದರು. ಕಿತ್ತಳೆ ಜೆರ್ಸಿ ಹಾಕಿದವನೂ ಹೀಗೆ ಹೇಳಬಹುದು ಎಂಬುದೇ ಅವರಿಗೆ ಹೊಸದಾಗಿತ್ತು.

ನನ್ನ ನಿಲುವನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಅವರನ್ನು ಚರ್ಚಿಗೆ ವಾಪಸ್ ಕಳಿಸುವುದೂ ನನ್ನ ಕೆಲಸವಲ್ಲ, ಹೊರಗೆ ಎಳೆಯುವುದೂ ಅಲ್ಲ. ನಮ್ಮ ಟೆನೆಸ್ಸಿಯಲ್ಲಿ 2016ರಲ್ಲಿ ಒಂದು ಕಾನೂನು ಬಂತು. ಬಂದವರ ಗುರಿ ಅಥವಾ ನಡವಳಿಕೆ ತಮ್ಮ ಗಾಢ ನಂಬಿಕೆಗೆ ಹೊಂದದಿದ್ದರೆ ಆಪ್ತಸಲಹೆಗಾರರು ಅವರನ್ನು ಬೇರೆಯವರ ಬಳಿ ಕಳಿಸಬಹುದು ಎಂದು ಅದು ಹೇಳುತ್ತದೆ. ಇದನ್ನು ವಿರೋಧಿಸಿ ಆಪ್ತಸಲಹೆಗಾರರ ಸಂಘವಾದ ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್ ತನ್ನ 2017ರ ಸಮ್ಮೇಳನವನ್ನು ನ್ಯಾಷ್‌ವಿಲ್‌ನಿಂದ ಬೇರೆಡೆಗೆ ಒಯ್ದಿತು. ಈ ವಿಷಯದಲ್ಲಿ ನಾನು ಆ ಅಸೋಸಿಯೇಷನ್ ಕಡೆಯವಳು. ಹಿಂದೂ ಮನೆಯಲ್ಲಿ ಬೆಳೆದವಳು ಕ್ರೈಸ್ತರ ಸಂಕಟಕ್ಕೆ ಕಿವಿಗೊಡಬಲ್ಲಳೇ ಎಂದು ಕೆಲವರು ಕೇಳುತ್ತಾರೆ. ಕೊಡಬಲ್ಲೆ. ಅಪ್ಪನಿಗೆ ನೋವಾಗುತ್ತದೆ ಎಂಬ ಭಯಕ್ಕೆ ಜಾತಿ, ಮತ ಇಲ್ಲ.

ಇನ್ನು ಕೊಟ್ಟ ಸಲಹೆಗೆ ಬರುತ್ತೇನೆ.

ಮೊದಲು ರಾತ್ರಿಯ ಭಯ. ಸ್ವಲ್ಪ ಹೊತ್ತು ಮಲಗಿ ಎದ್ದು, ಎದೆ ಹೊಡೆದುಕೊಂಡು, "ನರಕ ನಿಜವಾಗಿದ್ದರೆ?" ಎಂಬ ಯೋಚನೆ. ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ, ಇಲ್ಲ ಎಂದರು. ಎದೆಬಡಿತದ ಬಗ್ಗೆ ವೈದ್ಯರ ತಪಾಸಣೆ ಮಾಡಿಸಿದೆ. ಆಮೇಲೆ ವಿವರಿಸಿದೆ: ನಂಬಿಕೆ ಹೋದ ಮೇಲೂ ಭಯ ಉಳಿಯಬಹುದು. ಎಳವೆಯಲ್ಲಿ ಕಲಿತ ಹೆದರಿಕೆ ವಾದಕ್ಕೆ ಬಗ್ಗುವುದಿಲ್ಲ. ಭಯ ಬಂತು ಎಂದರೆ ನೀವು ತಪ್ಪು ದಾರಿಯಲ್ಲಿದ್ದೀರಿ ಎಂದಲ್ಲ. ಆ ಹೊತ್ತಿನಲ್ಲಿ ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆಗೆ ಇಳಿಯಬೇಡಿ. ಎದ್ದು ಕೂತು, ಪಾದ ನೆಲಕ್ಕೆ ಊರಿ, "ಇದು ಹಳೆಯ ಭಯ" ಎಂದು ಬಾಯಿಬಿಟ್ಟು ಹೇಳಿ, ಒಂದು ಉಸಿರು ಪೂರ್ತಿ ಬಿಡಿ. ಆಮೇಲೆ ಇನ್ನೊಂದು. "ಸೇಬನ್ ಹೇಳಿದ ಹಾಗೆ, ಈಗಿನ ಆಟ ಮಾತ್ರ" ಎಂದು ಅವರೇ ಹೆಸರಿಟ್ಟರು. ಕೆಲವು ವಾರಗಳಲ್ಲಿ ಎಚ್ಚರವಾಗುವುದು ಕಡಿಮೆಯಾಯಿತು. ಪೂರ್ತಿ ನಿಂತಿಲ್ಲ.

ಎರಡನೆಯದು ಶನಿವಾರದ ಸಿಟ್ಟು. ಭಾನುವಾರ ಖಾಲಿಯಾದ ಮೇಲೆ ಅದರ ಭಾರವೂ ಶನಿವಾರದ ಮೇಲೆ ಬಿದ್ದಿತ್ತು. ಜನರ ಜೊತೆ ಸೇರುವುದು, ಹಾಡುವುದು, ಅಪ್ಪನ ಪಕ್ಕ ಕೂರುವುದು, ಎಲ್ಲಕ್ಕೂ ಉಳಿದದ್ದು ಆಟ ಒಂದೇ. ಅದಕ್ಕೇ ಸೋಲು ಅಷ್ಟು ದೊಡ್ಡದಾಗಿ ಬಡಿಯುತ್ತಿತ್ತು. ಆಟ ಬಿಡಿ ಎಂದು ನಾನು ಹೇಳಲಿಲ್ಲ. ಚರ್ಚಿನಲ್ಲಿ ನಿಮಗೆ ಪ್ರಿಯವಾಗಿದ್ದದ್ದನ್ನು ಬರೆದು ತನ್ನಿ, ಅದರಲ್ಲಿ ಯಾವುದಕ್ಕೆ ನಂಬಿಕೆ ಬೇಕು, ಯಾವುದಕ್ಕೆ ಬೇಡ ನೋಡೋಣ ಎಂದೆ. ಮಾಡು ಕಟ್ಟುವ ಕೆಲಸಕ್ಕೆ ನಂಬಿಕೆ ಬೇಕಿರಲಿಲ್ಲ. ಈಗ ಮತ್ತೆ ಹೋಗುತ್ತಿದ್ದಾರೆ, ಚರ್ಚಿಗೆ ಸೇರದ ಒಂದು ಗುಂಪಿನ ಜೊತೆ. ಭಜನೆಯಂಥ ಸಾಮೂಹಿಕ ಹಾಡಿಗೆ ಬದಲಿ ಸಿಗಲಿಲ್ಲ. ಅದು ನಷ್ಟವೇ. ಅದಕ್ಕೆ ಅಳುವುದು ಸರಿ ಎಂದೆ, ಅತ್ತರು.

ಮೂರನೆಯದು ಅವರ ಒಳಗಿನ ಕೋಚ್. "ಅರ್ಧಕ್ಕೆ ಬಿಟ್ಟವನು" ಎನ್ನುವ ಆ ದನಿಯನ್ನು ನಿಮ್ಮದೇ ಅಳತೆಗೋಲಿನಲ್ಲಿ ಅಳೆಯಿರಿ ಎಂದೆ. ಅದು ಕಾರಣ ಹೇಳುತ್ತದೆಯೇ? ತಪ್ಪು ಒಪ್ಪಿಕೊಳ್ಳುತ್ತದೆಯೇ? ಗಾಯವಾದವನನ್ನು ಕೂರಲು ಬಿಡುತ್ತದೆಯೇ? ಜೆ. ತುಂಬ ಹೊತ್ತು ಯೋಚಿಸಿ, "ಇಂಥವನನ್ನು ನಾನು ಮೊದಲನೇ ಸೀಸನ್ನಿಗೇ ತೆಗೆಯಿರಿ ಅಂತಿದ್ದೆ" ಎಂದರು. ಅಲ್ಲಿಂದ ಮಾತು ಸಲೀಸಾಯಿತು.

ಅಪ್ಪನಿಗೆ ಹೇಳುವ ವಿಷಯ. ಆಟದ ದಿನ ಬೇಡ, ಹಬ್ಬದ ದಿನ ಬೇಡ, ನೆಂಟರ ಮುಂದೆ ಬೇಡ. ಸಿದ್ಧಾಂತದ ಚರ್ಚೆಗೆ ಹೋಗಬೇಡಿ. ಏನು ಬದಲಾಗಿದೆ ಎಂಬುದು ಒಂದು ವಾಕ್ಯ, ಏನು ಬದಲಾಗಿಲ್ಲ ಎಂಬುದು ಎರಡು ವಾಕ್ಯ. ಅಭ್ಯಾಸ ಮಾಡಿಕೊಂಡು ಹೋಗಿ ಹೇಳಿದರು: "ನಾನು ಇನ್ನು ನಂಬ್ತಿಲ್ಲ ಸರ್. ನೀವು ಬೆಳೆಸಿದ್ದರಲ್ಲಿ ತಪ್ಪಿಲ್ಲ. ಶನಿವಾರ ಟ್ರಕ್ ನಾನೇ ಓಡಿಸ್ತೀನಿ." ಅಪ್ಪ ಎದ್ದು ಹೊರಗೆ ಹೋದರು. ಮುಂದಿನ ಆಟಕ್ಕೆ ಬರಲಿಲ್ಲ. ಅದರ ಮುಂದಿನದಕ್ಕೆ ಬಂದರು. ಆ ವಿಷಯವನ್ನು ಈವರೆಗೆ ಎತ್ತಿಲ್ಲ. ಜೆ. ಕೂಡ ಕೆದಕದಿರಲಿ ಎಂಬುದು ನನ್ನ ಸಲಹೆ. ಡೀಕನ್ ಆದ ತಂದೆಗೆ ಮಗ ನರಕಕ್ಕೆ ಹೋಗುತ್ತಾನೆ ಎಂಬುದು ಬರೀ ಮಾತಲ್ಲ, ನಿಜವಾದ ದುಃಖ. ಅವರಿಗೂ ಕಾಲ ಬೇಕು.

ಕೊನೆಗೆ ಮಗನ ತಂಡ. ಅಭ್ಯಾಸದ ನಂತರ ಮಕ್ಕಳಿಂದ ಪ್ರಾರ್ಥನೆ ಮಾಡಿಸುತ್ತಾರೆ. ವಕೀಲರ ಬಳಿ ಹೋಗುತ್ತೇನೆ ಎಂದು ಜೆ. ಒಮ್ಮೆ ಕುದಿಯುತ್ತಾ ಬಂದಿದ್ದರು. 2000ದಲ್ಲಿ ಟೆಕ್ಸಸ್‌ನ ಸಾಂಟಾ ಫೆ ಪ್ರಕರಣದಲ್ಲಿ, ಸರ್ಕಾರಿ ಶಾಲೆಯ ಆಟಕ್ಕೆ ಮುಂಚೆ ಧ್ವನಿವರ್ಧಕದಲ್ಲಿ ವಿದ್ಯಾರ್ಥಿಗಳು ಪ್ರಾರ್ಥನೆ ನಡೆಸುವ ಕ್ರಮ ಸಂವಿಧಾನಕ್ಕೆ ಹೊಂದದು ಎಂದು ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಬ್ರೆಮರ್ಟನ್ ಶಾಲೆಯ ಕೋಚ್ ಜೋಸೆಫ್ ಕೆನಡಿ ಆಟ ಮುಗಿದ ಮೇಲೆ ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸಿದ್ದನ್ನು ಅದೇ ಕೋರ್ಟ್ 6-3ರ ಬಹುಮತದಿಂದ ಎತ್ತಿಹಿಡಿಯಿತು. ಆದರೆ ಈ ಹುಡುಗನ ತಂಡ ಶಾಲೆಯದ್ದೇ ಅಲ್ಲ, ಖಾಸಗಿ ಕ್ಲಬ್ಬಿನದು. ಕಾನೂನು ವಕೀಲರಿಗೆ ಬಿಡಿ, ಮೊದಲು ಮಗನನ್ನು ಕೇಳಿ ಎಂದೆ. ಕೇಳಿದರು. ಹುಡುಗನಿಗೆ ಪ್ರಾರ್ಥನೆ ಇಷ್ಟ, ಮುಂದೆ ನಿಂತು ಹೇಳುವುದಕ್ಕೆ ನಾಚಿಕೆ ಅಷ್ಟೇ. ಜೆ. ಕೋಚ್ ಬಳಿ ಹೋಗಿ, ಯಾವ ಮಗುವನ್ನೂ ಹೆಸರು ಹಿಡಿದು ಕರೆಯಬೇಡಿ, ಬಯಸಿದವರು ಹೇಳಲಿ ಎಂದರು. ಆ ಕೋಚ್ ತಕ್ಷಣ ಒಪ್ಪಿದರು. ಇಲ್ಲಿರುವ ನಮ್ಮ ಕನ್ನಡದ ತಂದೆತಾಯಂದಿರೂ ಇದೇ ಪ್ರಶ್ನೆ ನನಗೆ ಕೇಳುತ್ತಾರೆ. ಅವರಿಗೂ ನಾನು ಇದನ್ನೇ ಹೇಳುವುದು: ಮೊದಲು ಮಗುವಿನ ಜೊತೆ, ಆಮೇಲೆ ಕೋಚ್ ಜೊತೆ, ತಾಳ್ಮೆಯಿಂದ.

ಜೆ. ಈಗ ತಿಂಗಳಿಗೊಮ್ಮೆ ಬರುತ್ತಾರೆ. ಗೆಳೆಯರೆಲ್ಲ ಮಾಡಿಸಿಕೊಂಡರೆಂದು ಮಗ ದೀಕ್ಷಾಸ್ನಾನ ಬೇಕು ಎನ್ನುತ್ತಿದ್ದಾನೆ. ತಾಯಿಗೆ ಸಂತೋಷ, ತಂದೆಗೆ ತನ್ನ ಹದಿನಾರನೇ ವಯಸ್ಸು ಕಣ್ಣ ಮುಂದೆ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬನ್ನಿ ಎಂದಿದ್ದೇನೆ. ಅಲ್ಲಿಯವರೆಗೆ ಒಬ್ಬರ ನಂಬಿಕೆಯನ್ನು ಇನ್ನೊಬ್ಬರು ಮಗನ ಎದುರು ಹಗುರ ಮಾಡಿ ಮಾತಾಡುವುದಿಲ್ಲ ಎಂದು ಇಬ್ಬರಿಂದಲೂ ಒಪ್ಪಿಗೆ ಪಡೆದಿದ್ದೇನೆ.