ಆಪ್ತಸಲಹೆ ಪ್ರಕರಣ: ಸಹಿ ಹಾಕಲು ಕೈ ಹಿಂಜರಿದಾಗ

(ಗುರುತು ಸಿಗಬಾರದೆಂದು ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಬಂದವರು 34 ವರ್ಷದ ಉಪನ್ಯಾಸಕಿ. ಸಮುದಾಯ ಆರೋಗ್ಯ ಶುಶ್ರೂಷೆಯಲ್ಲಿ ಎಂ.ಎಸ್ಸಿ. ಓದಿ ಖಾಸಗಿ ನರ್ಸಿಂಗ್ ಕಾಲೇಜೊಂದರಲ್ಲಿ ಏಳು ವರ್ಷದಿಂದ ಪಾಠ ಮಾಡುತ್ತಿದ್ದಾರೆ. ಇಲ್ಲಿ ಅವರನ್ನು 'ಶ' ಎನ್ನೋಣ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಕಾಲೇಜು ಬಸ್ಸು ಕಂಡರೆ ಎದೆ ಹೊಡೆದುಕೊಳ್ಳುತ್ತದೆ, ವಿದ್ಯಾರ್ಥಿಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ ಎಂದರು. ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 13 ಅಂಕ. 10ರಿಂದ 14ರವರೆಗೆ ಬಂದರೆ ಮಧ್ಯಮ ಪ್ರಮಾಣದ ಖಿನ್ನತೆಯ ಸೂಚನೆ. ಸಾಯುವ ಯೋಚನೆ ಕುರಿತ ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದರು, ಎರಡೂ ಸರಿಯಿದ್ದವು.

ಮೊದಲ ಭೇಟಿಯಲ್ಲಿ ನಿದ್ದೆಯ ಶಿಸ್ತಿನ ಬಗ್ಗೆ ಕೊಟ್ಟ ಸಲಹೆ ಫಲಿಸಲಿಲ್ಲ. ಏಕೆಂದು ಎರಡನೇ ಭೇಟಿಯಲ್ಲಿ ತಿಳಿಯಿತು.

ಬಿ.ಎಸ್ಸಿ. ನರ್ಸಿಂಗ್ ಐದನೇ ಸೆಮಿಸ್ಟರಿನಲ್ಲಿ ಕಮ್ಯುನಿಟಿ ಪೋಸ್ಟಿಂಗ್ (ಜನರ ಮನೆಬಾಗಿಲಿಗೆ ಹೋಗಿ ಕೆಲಸ ಕಲಿಯುವುದು) 160 ಗಂಟೆ: ನಗರದಲ್ಲಿ ಎರಡು ವಾರ, ಹಳ್ಳಿಯಲ್ಲಿ ಎರಡು ವಾರ. ನಿಯಮದಂತೆ ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರಿರಬೇಕು. ಇಲ್ಲಿದ್ದದ್ದು 58 ವಿದ್ಯಾರ್ಥಿಗಳಿಗೆ ಇಬ್ಬರು. ಬಸ್ಸು ಹಳ್ಳಿ ಮುಟ್ಟುವಾಗ ಬೆಳಿಗ್ಗೆ ಹತ್ತೂವರೆ. ಅಷ್ಟರಲ್ಲಿ ಜನ ಹೊಲಕ್ಕೆ, ಕೂಲಿಗೆ, ಗಾರ್ಮೆಂಟ್ಸಿಗೆ ಹೋಗಿಯಾಗಿರುತ್ತದೆ. ಬಹಳಷ್ಟು ಮನೆಗಳಿಗೆ ಬೀಗ. ಆದರೂ ಸಂಜೆಗೆ, ಒಂದೊಂದು ಮನೆಯ ಆರೋಗ್ಯದ ವಿವರ ಬರೆಯುವ ಫ್ಯಾಮಿಲಿ ಫೋಲ್ಡರ್‌ಗಳೆಲ್ಲ ತುಂಬಿ ಬರುತ್ತಿದ್ದವು.

ಒಂದು ರಾತ್ರಿ ತಿದ್ದುವಾಗ, ಒಂದೇ ಓಣಿಯ 14 ಫೋಲ್ಡರ್‌ಗಳಲ್ಲಿ 11ರಲ್ಲಿ ರಕ್ತದೊತ್ತಡ 120/80 ಎಂದಿದ್ದದ್ದು ಕಣ್ಣಿಗೆ ಬಿತ್ತು. ಮರುದಿನ ತಾವೇ ಆ ಓಣಿಗೆ ಹೋಗಿ ಅಳೆದರು. 120/80 ಎಂದು ಬರೆದಿದ್ದ ಮುದುಕರೊಬ್ಬರಿಗೆ 172/104 ಇತ್ತು. ಮಾತ್ರೆ ಬಿಟ್ಟು ಮೂರು ತಿಂಗಳಾಗಿತ್ತು. ಆಶಾ ಕಾರ್ಯಕರ್ತೆಯ ಜೊತೆ ಅವತ್ತೇ ಪಿಎಚ್‌ಸಿಗೆ ಕಳಿಸಿದರು. "ಆ ಹಾಳೆಯ ಕೆಳಗೆ ನನ್ನ ಸಹಿ ಇತ್ತು ಸರ್" ಎಂದು ಬಹಳ ಹೊತ್ತು ಅತ್ತರು. ಅಲ್ಲಿಂದೀಚೆಗೆ ಪೆನ್ನು ಹಿಡಿದರೆ ಕೈ ನಡುಗುತ್ತದೆ. ಅದಕ್ಕೇ ಒಂದೊಂದು ಹಾಳೆಯನ್ನೂ ಮೂರು ಮೂರು ಸಲ ಓದುತ್ತಾರೆ.

ದಣಿವಿಗೆ ವಿಶ್ರಾಂತಿ ಸಾಕು. ಆದರೆ 'ಶ' ಅವರನ್ನು ಎರಡು ಗಂಟೆಗೆ ಎಬ್ಬಿಸುತ್ತಿದ್ದುದು ಮನಸ್ಸಾಕ್ಷಿ. ಅದು ಹೇಳುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ. 'ಅತಿಯಾಗಿ ಯೋಚಿಸಬೇಡಿ' ಎಂದು ಯಾರಾದರೂ ಅಂದಿದ್ದರೆ ಅದು ಅನ್ಯಾಯವಾಗುತ್ತಿತ್ತು. ಆದ್ದರಿಂದ ಸಲಹೆಯನ್ನು ಕೆಲಸದ ಲೆಕ್ಕದಿಂದಲೇ ಶುರುಮಾಡಬೇಕಾಯಿತು.

ತಿದ್ದಬೇಕಾದದ್ದು ಒಬ್ಬ ವಿದ್ಯಾರ್ಥಿಗೆ ಎರಡು ಫ್ಯಾಮಿಲಿ ಸ್ಟಡಿ (ಒಂದು ಕುಟುಂಬದ ಆರೋಗ್ಯದ ಅಧ್ಯಯನ), ಒಂದು ಆರೋಗ್ಯ ಶಿಕ್ಷಣದ ವರದಿ. 58 ಜನಕ್ಕೆ 174. ಒಂದಕ್ಕೆ ಇಪ್ಪತ್ತು ನಿಮಿಷವೆಂದರೂ 58 ಗಂಟೆ. ವೇಳಾಪಟ್ಟಿಯಲ್ಲಿ ಇದಕ್ಕೆ ಒಂದು ಗಂಟೆಯನ್ನೂ ಇಟ್ಟಿರಲಿಲ್ಲ. ಈ ಸಂಖ್ಯೆಯನ್ನು ಅವರ ಕೈಯಿಂದಲೇ ಬರೆಸಿದಾಗ ಒಂದು ನಿಮಿಷ ಸುಮ್ಮನಿದ್ದು, "ನಾನು ನಿಧಾನ ಅಂದುಕೊಂಡಿದ್ದೆ" ಎಂದರು.

ನಂತರ ಸಹಿಯ ವಿಷಯ. ಇನ್ನು ಮುಂದೆ ಎರಡು ಬಗೆಯ ಷರಾ ಬರೆಯಿರಿ ಎಂದು ಸಲಹೆ ಕೊಡಲಾಯಿತು. ಎದುರಿಗೆ ನಿಂತು ನೋಡಿದ್ದಕ್ಕೆ 'ಕಣ್ಣಾರೆ ಪರಿಶೀಲಿಸಿದೆ', ಉಳಿದದ್ದಕ್ಕೆ 'ದಾಖಲೆ ಮಾತ್ರ ನೋಡಿದೆ', ಎರಡಕ್ಕೂ ದಿನಾಂಕ. ವಾರಕ್ಕೊಮ್ಮೆ ಪ್ರತಿ ತಂಡದ ಮೂರು ಮನೆಗಳನ್ನು ಚೀಟಿ ಎತ್ತಿ ಆರಿಸಿ, ತಾವೇ ಹೋಗಿ ಮತ್ತೆ ಅಳೆಯುವುದು. ಯಾವ ಮನೆ ಎಂದು ಮೊದಲೇ ಹೇಳಬಾರದು.

ವಿದ್ಯಾರ್ಥಿಗಳ ಜೊತೆಗಿನ ಮಾತನ್ನು ಇಲ್ಲೇ ಎರಡು ಸಲ ಅಭ್ಯಾಸ ಮಾಡಿಸಲಾಯಿತು. ಯಾರು ಸುಳ್ಳು ಬರೆದಿರಿ ಎಂದು ಎಲ್ಲರೆದುರು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಮುಂದಿನ ಸಲ 118/76 ಎಂದು ಬರೆಯಲು ಕಲಿಯುತ್ತಾರೆ ಅಷ್ಟೆ. ಬದಲಿಗೆ: "ಮನೆಗೆ ಬೀಗ ಇದ್ದರೆ 'ಬೀಗ, ಅಳೆದಿಲ್ಲ' ಅಂತ ಬರೀರಿ. ಅದಕ್ಕೆ ಅಂಕ ಕಡಿಯಲ್ಲ. ಅಳೆಯದೆ ಬರೆದರೆ ಆ ಫೋಲ್ಡರ್ ಮೊದಲಿಂದ ಮಾಡಬೇಕು." ಹೀಗೆ ಹೇಳಿದ ವಾರ ಖಾಲಿ ಜಾಗಗಳು ಕಾಣಿಸಿಕೊಂಡವು. ಹತ್ತು ಜನಕ್ಕೆ ಒಂದೇ ಬಿಪಿ ಯಂತ್ರ ಇದೆ, ಅದರ ಕಫ್ ಸೋರುತ್ತದೆ ಎಂಬುದನ್ನೂ ಆಗಲೇ ಹುಡುಗಿಯರು ಬಾಯಿಬಿಟ್ಟು ಹೇಳಿದರು. ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ತಿದ್ದುವ ಕೆಲಸವನ್ನು ಮನೆಯಿಂದ ಹೊರಗೆ ತರಬೇಕಿತ್ತು. ಮೊದಲ ಫ್ಯಾಮಿಲಿ ಸ್ಟಡಿಗೆ ಪೂರ್ತಿ ಟಿಪ್ಪಣಿ, ಎರಡನೆಯದಕ್ಕೆ ಹನ್ನೆರಡು ಅಂಶಗಳ ಪಟ್ಟಿಯಲ್ಲಿ ಗುರುತು ಮಾತ್ರ. ಮಧ್ಯಾಹ್ನ ಊಟವಾದ ಮೇಲೆ ಅಂಗನವಾಡಿ ಜಗುಲಿಯಲ್ಲಿ ಅರ್ಧ ಗಂಟೆ ಕೂತು, ಅವತ್ತಿನ ಬರಹವನ್ನು ವಿದ್ಯಾರ್ಥಿಯ ಎದುರೇ ನೋಡುವುದು. ರಾತ್ರಿ ಒಂಬತ್ತರ ನಂತರ ಫೋಲ್ಡರ್ ಮುಟ್ಟುವಂತಿಲ್ಲ.

ಪ್ರಿನ್ಸಿಪಾಲರ ಬಳಿ 'ತುಂಬಾ ಒತ್ತಡ ಮೇಡಂ' ಎಂದು ಹಿಂದೆ ಎರಡು ಸಲ ಹೇಳಿದ್ದರು. ಎರಡು ಸಲವೂ "ಎಲ್ಲರಿಗೂ ಇದೆ ಕಣಮ್ಮಾ" ಎಂಬ ಉತ್ತರ ಬಂದಿತ್ತು. ಈ ಬಾರಿ ಒಂದು ಪುಟದ ಪತ್ರ: 58 ಗಂಟೆಯ ಲೆಕ್ಕ, 1:10ರ ನಿಯಮ, 172/104ರ ಘಟನೆ, ಮೂರು ಬೇಡಿಕೆ. ಬಸ್ಸು ಬೆಳಿಗ್ಗೆ ಏಳೂಕಾಲಿಗೆ ಹೊರಡಲಿ, ಪೋಸ್ಟಿಂಗ್‌ಗೆ ಇನ್ನಿಬ್ಬರು ಟ್ಯೂಟರ್ ಬರಲಿ, ಮೂರು ಬಿಪಿ ಯಂತ್ರ ಕೊಳ್ಳಲಿ. ಯಂತ್ರಗಳು ಹದಿನೈದು ದಿನದಲ್ಲಿ ಬಂದವು, ಬಸ್ಸಿನ ಹೊತ್ತು ಬದಲಾಯಿತು. ಟ್ಯೂಟರ್ ಮಾತ್ರ ಒಬ್ಬರೇ ಸಿಕ್ಕರು.

ಮನೆಯವರ ಜೊತೆ ಮಾತಾಡಿದ್ದು ಒಂದೇ ಸಲ. ಪೋಸ್ಟಿಂಗ್ ವಾರಗಳಲ್ಲಿ ರಾತ್ರಿ ಅಡುಗೆ ಯಜಮಾನರದು ಎಂದು ತೀರ್ಮಾನವಾಯಿತು. ನಿದ್ದೆ ಮತ್ತೆ ಕೆಟ್ಟು ಎರಡು ವಾರ ದಾಟಿದರೆ, ಅಥವಾ ಬದುಕೇ ಬೇಡ ಎನಿಸಿದರೆ, ತಡಮಾಡದೆ ಮನೋವೈದ್ಯರನ್ನು ಕಾಣಬೇಕೆಂದೂ, ಅಪರಾತ್ರಿಯಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬೇಕೆಂದೂ ತಿಳಿಸಲಾಯಿತು.

ಆರನೇ ಭೇಟಿಯ ಹೊತ್ತಿಗೆ ಪಿಎಚ್‌ಕ್ಯೂ-9 ಅಂಕ 6. ನಿದ್ದೆ ರಾತ್ರಿಗೆ ಐದೂವರೆ ಗಂಟೆಯಷ್ಟಾಗಿದೆ, ಇನ್ನೂ ಸಾಲದು. ಏಳನೇ ಸೆಮಿಸ್ಟರಿನಲ್ಲಿ ಇದೇ ತಂಡ ಮತ್ತೆ 160 ಗಂಟೆಯ ಪೋಸ್ಟಿಂಗಿಗೆ ಬರುತ್ತದೆ. ಆಗ ಎಷ್ಟು ಶಿಕ್ಷಕರು ಬೇಕೆಂಬ ಪತ್ರವನ್ನು 'ಶ' ಈಗಲೇ ಬರೆದಿಟ್ಟುಕೊಂಡಿದ್ದಾರೆ. ಮುದುಕರ ಮನೆಗೆ ಹದಿನೈದು ದಿನಕ್ಕೊಮ್ಮೆ ಹೋಗುತ್ತಾರೆ. ಕಳೆದ ಸಲ 138/86 ಇತ್ತು, ಅಳೆದವಳು ವಿದ್ಯಾರ್ಥಿನಿ, ಪಕ್ಕದಲ್ಲಿ ನಿಂತಿದ್ದವರು ಅವರು.