ಬಾಲ ಕತ್ತರಿಸಿದ ಮೇಲೆ ಜೀಬ್ರಾಮೀನು ಏಳದಿದ್ದರೆ

ತಳಿ ಆಯ್ಕೆಗಾಗಿ ಡಿಎನ್‌ಎ ಪರೀಕ್ಷೆಗೆಂದು ಬಾಲದ ರೆಕ್ಕೆಯ ಚೂರು ತೆಗೆದಾಗ ಹತ್ತರಲ್ಲಿ ಎರಡು ಜೀಬ್ರಾಮೀನು ಎಚ್ಚರವಾಗುತ್ತಿಲ್ಲ ಎಂದಿದ್ದೀರಿ. ನನಗೆ ಅನುಮಾನ ಇರುವುದು ಕತ್ತರಿಯ ಮೇಲಲ್ಲ, ಅರಿವಳಿಕೆಯ ನೀರಿನ ಮೇಲೆ. ಅರಿವಳಿಕೆಗೆ ಬಳಸುವ ಟ್ರೈಕೇನ್ ಪುಡಿ ನೀರನ್ನು ಆಮ್ಲೀಯ ಮಾಡುತ್ತದೆ, ಕಿವಿರು ಉರಿಯುತ್ತದೆ. ತೊಟ್ಟಿಯದೇ ನೀರಿನಲ್ಲಿ ಲೀಟರಿಗೆ ಸುಮಾರು 160 ಮಿಲಿಗ್ರಾಂ ಕರಗಿಸಿ, ಸೋಡಿಯಂ ಬೈಕಾರ್ಬೊನೇಟ್ ಸೇರಿಸುತ್ತಾ ಪಿಎಚ್ 7ರಿಂದ 7.5ಕ್ಕೆ ತನ್ನಿ. ಉಷ್ಣತೆ 28 ಡಿಗ್ರಿ ಇರಲಿ.

ಮೀನು ಮಗ್ಗುಲಾಗಿ, ಬಾಲ ಮೆಲ್ಲಗೆ ಚಿವುಟಿದರೂ ಅಲುಗದಿದ್ದರೆ ಸಾಕು. ಕಿವಿರಿನ ಮುಚ್ಚಳ ನಿಧಾನವಾಗಿಯಾದರೂ ಆಡುತ್ತಲೇ ಇರಬೇಕು. ಅದು ನಿಲ್ಲಲಿ ಎಂದು ಕಾದರೆ ಕೆಲಸ ಕೆಟ್ಟಂತೆ. ಐದಾರನ್ನು ಒಟ್ಟಿಗೆ ಹಾಕಬೇಡಿ, ಕೊನೆಯದರ ಸರದಿ ಬರುವಷ್ಟರಲ್ಲಿ ಅದಕ್ಕೆ ಮದ್ದು ಹೆಚ್ಚಾಗಿರುತ್ತದೆ. ಬಾಲದ ರೆಕ್ಕೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ತೆಗೆಯಿರಿ, ಎರಡು ವಾರದಲ್ಲಿ ಹೆಚ್ಚುಕಡಿಮೆ ಬೆಳೆದುಬಿಡುತ್ತದೆ. ಮದ್ದಿಲ್ಲದ ತೊಟ್ಟಿ ನೀರಿಗೆ ಬಿಟ್ಟ ಮೇಲೂ ಏಳದಿದ್ದರೆ ಪಿಪೆಟ್ಟಿನಿಂದ ಕಿವಿರಿನ ಮೇಲೆ ಮೆಲ್ಲಗೆ ನೀರು ಹರಿಸಿ.

ಫಲಿತಾಂಶ ಬರುವವರೆಗೆ ಒಂಟಿಯಾಗಿ ಇಡಲೇಬೇಕಾದರೆ ಒಂದಕ್ಕೊಂದು ಕಾಣುವಂತೆ ಪಾರದರ್ಶಕ ಡಬ್ಬಿಗಳನ್ನು ಪಕ್ಕಪಕ್ಕ ಜೋಡಿಸಿ. ಇವು ಗುಂಪಿನ ಮೀನುಗಳು.

ನೀವು ಕೇಳಿಲ್ಲ, ಆದರೂ ಒಂದು ಮಾತು: ಐದೇ ಜೋಡಿಯಿಂದ ತಳಿ ಮುಂದುವರಿಸಿದರೆ ಒಳಸಂಕರಣ (ಹತ್ತಿರದ ಸಂಬಂಧಿಗಳ ನಡುವಿನ ಕೂಡಿಕೆ) ಪ್ರತಿ ತಲೆಮಾರಿಗೆ ಸುಮಾರು ಶೇ. 5ರಷ್ಟು ಏರುತ್ತದೆ. 25 ಜೋಡಿಯಾದರೆ ಶೇ. 1.