ಏಳು ಸುತ್ತಿನ ಊರಿನವರು ನಾಲ್ಕು ಗೋಡೆಯ ಕೋಟೆಗೆ ಹೋಗಬೇಕೇ?

ಪ್ರಶ್ನೆ: ನಮ್ಮ ಮಗ ಅಮೆರಿಕದ ಯೂಟಾ ರಾಜ್ಯದಲ್ಲಿದ್ದಾನೆ. ಜುಲೈಯಲ್ಲಿ ನಾವಿಬ್ಬರೂ ಹೊರಟಿದ್ದೇವೆ. ಸಾಲ್ಟ್ ಲೇಕ್ ಸಿಟಿಯ ದಕ್ಷಿಣಕ್ಕೆ ಕೋವ್ ಫೋರ್ಟ್ ಎಂಬ ಕೋಟೆಯಿದೆ, ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರು ಕಟ್ಟಿದ್ದು, ಈಗ ಜೀರ್ಣೋದ್ಧಾರವಾಗಿದೆ, ತೋರಿಸುತ್ತೇನೆ ಎನ್ನುತ್ತಾನೆ. ಚಿತ್ರದುರ್ಗದ ಕೋಟೆ ಹತ್ತಿದ ನಮಗೆ ಅದರಲ್ಲೇನಿದೆ? ಅಲ್ಲಿ ಮತಾಂತರ ಮಾಡುತ್ತಾರೆಂದು ನೆಂಟರು ಬೇರೆ ಹೆದರಿಸಿದ್ದಾರೆ.
— ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ

ಉತ್ತರ: ಕೋಟೆ ನೋಡಲೆಂದು ಹೋದರೆ ನಿರಾಸೆ ಖಚಿತ. ನಾಲ್ಕೇ ಗೋಡೆ. ಒಂದೊಂದೂ ಸುಮಾರು 100 ಅಡಿ ಉದ್ದ, 18 ಅಡಿ ಎತ್ತರ. ಮಗಳ ಮನೆಗೆ ಹೋಗಿದ್ದಾಗ ನಾವೂ ನೋಡಿದೆವು. ಕಾರಿನಿಂದ ಇಳಿದ ನಮ್ಮ ಯಜಮಾನರು ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ಇದಕ್ಕೆ ಇಷ್ಟು ದೂರ ಬಂದೆವೇ?" ಎಂದರು. ಒಳಗೆ ಹೋದ ಮೇಲೆ ಅವರನ್ನು ಹೊರಡಿಸಲು ನಾನೇ ಪರದಾಡಬೇಕಾಯಿತು.

ಏಕೆಂದರೆ ಅದು ಕೋಟೆಯ ವೇಷ ತೊಟ್ಟ ಮನೆ. ಬ್ರಿಗಮ್ ಯಂಗ್ ಅವರ ನೇತೃತ್ವದಲ್ಲಿ ಮಾರ್ಮನ್ನರು ಸಾಲ್ಟ್ ಲೇಕ್ ಕಣಿವೆಗೆ ಬಂದದ್ದು 1847ರಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಒಂದೊಂದೇ ಊರು ಕಟ್ಟುತ್ತಾ ಹೋದರು. ಫಿಲ್‌ಮೋರ್ ಮತ್ತು ಬೀವರ್ ಎಂಬೆರಡು ಊರುಗಳ ನಡುವಿನ ದಾರಿಯನ್ನು ಕುದುರೆಗಾಡಿ ಒಂದೇ ಹಗಲಿನಲ್ಲಿ ಕ್ರಮಿಸಲಾಗುತ್ತಿರಲಿಲ್ಲ. ನಡುವೆ ತಂಗಲು ಒಂದು ಆಸರೆ ಬೇಕಿತ್ತು. ಇರಾ ಹಿಂಕ್ಲಿ ಎಂಬವರಿಗೆ ಯಂಗ್ ಪತ್ರ ಬರೆದು ಕರೆಸಿದರು. 1867ರಲ್ಲಿ ಸುತ್ತಲ ಬೆಟ್ಟದ ಕಪ್ಪು ಜ್ವಾಲಾಮುಖಿ ಶಿಲೆಯಿಂದ ಕೆಲವೇ ತಿಂಗಳಲ್ಲಿ ಕೋಟೆ ಎದ್ದಿತು. ಗೋಡೆಯ ಬುಡ ನಾಲ್ಕು ಅಡಿ ದಪ್ಪ, ತುದಿ ಎರಡಡಿ. ಬಾಗಿಲುಗಳ ಹಲಗೆಗಳ ನಡುವೆ ಮರಳು ತುಂಬಿದ್ದರು, ಬಾಣವೂ ಗುಂಡೂ ಅದರಲ್ಲೇ ಹೂತುಹೋಗಲಿ ಎಂದು. ಇಷ್ಟೆಲ್ಲ ಮಾಡಿದ ಕೋಟೆಯ ಮೇಲೆ ಒಮ್ಮೆಯೂ ದಾಳಿಯಾಗಲಿಲ್ಲ! ಹೈದರನನ್ನು ಎದುರಿಸಿ 1779ರಲ್ಲಿ ಬಿದ್ದ ಕೋಟೆಯ ಊರಿನವಳಾದ ನನಗೆ ತುಸು ಅಸೂಯೆಯೇ ಆಯಿತು.

ಒಳಗೆ ಅಂಗಳ, ಉತ್ತರಕ್ಕೆ ಆರು ಕೋಣೆ, ದಕ್ಷಿಣಕ್ಕೆ ಆರು. ತಂತಿ ಕಳುಹಿಸುವ ಕೋಣೆ, ಅಡುಗೆಮನೆ, ಮಲಗುವ ಕೋಣೆಗಳು. ಊಟದ ಕೋಣೆಯ ಬಾಗಿಲಲ್ಲಿ ಸ್ವಲ್ಪ ನಿಲ್ಲಿ. ಮೇಜಿನ ಸುತ್ತ ಕುರ್ಚಿಗಳೆಲ್ಲ ಬೆನ್ನು ತಿರುಗಿಸಿ ನಿಂತಿರುತ್ತವೆ, ತಟ್ಟೆಗಳು ಬೋರಲು. ಆಳುಗಳು ಅರ್ಧಕ್ಕೆ ಕೆಲಸ ಬಿಟ್ಟು ಹೋದಂತಿದೆಯಲ್ಲ ಎಂದುಕೊಂಡೆ. ಹಾಗಲ್ಲವಂತೆ. ಊಟಕ್ಕೆ ಮೊದಲು ಎಲ್ಲರೂ ಮಂಡಿಯೂರಿ, ಕುರ್ಚಿಯ ಮೇಲೆ ಮೊಣಕೈ ಊರಿ ಪ್ರಾರ್ಥಿಸುತ್ತಿದ್ದರು. ತಟ್ಟೆ ಬೋರಲು ಹಾಕಿದ್ದು ಧೂಳಿಗೆ. ಬಯಲುಸೀಮೆಯ ನಮಗೆ ಆ ಧೂಳಿನ ಕಾರಣ ಬಿಡಿಸಿ ಹೇಳಬೇಕಿಲ್ಲ.

ಕೋಟೆ ತೋರಿಸುವವರು ಸಾಮಾನ್ಯವಾಗಿ ಸೇವೆಗೆಂದು ಬಂದ ನಿವೃತ್ತ ದಂಪತಿಗಳು, ನಿಮ್ಮ ನಮ್ಮ ವಯಸ್ಸಿನವರು. ಪ್ರವೇಶ ಉಚಿತ. ತಮ್ಮ ಧರ್ಮದ ಮಾತನ್ನು ಆಡುತ್ತಾರೆ, ಅವರ ಗ್ರಂಥ ಬೇಕೇ ಎಂದು ಕೇಳಬಹುದು. ಬೇಡವೆಂದರೆ ನಕ್ಕು ಮುಂದಿನ ಕೋಣೆಗೆ ಕರೆದೊಯ್ಯುತ್ತಾರೆ. ನಿಮ್ಮ ನೆಂಟರಿಗೆ ಇದನ್ನು ಓದಿ ಹೇಳಿ. ಕಾಫಿ, ಚಹಾ ಮಾತ್ರ ಅವರಲ್ಲಿ ನಿರೀಕ್ಷಿಸಬೇಡಿ. ಎರಡೂ ಅವರಿಗೆ ವರ್ಜ್ಯ. ಮಗನ ಮನೆಯಿಂದಲೇ ಫ್ಲಾಸ್ಕ್ ತುಂಬಿಸಿಕೊಂಡು ಹೊರಡಿ.

ಒಂದು ಮಾತನ್ನು ನೀವಾಗಿಯೇ ಕೇಳಿ. ಬಾಗಿಲಿಗೆ ಮರಳು ತುಂಬಿದ್ದು ಯಾರ ಭಯದಿಂದ? 1865ರಲ್ಲಿ ಆರಂಭವಾದ ಬ್ಲ್ಯಾಕ್ ಹಾಕ್ ಯುದ್ಧದ ಕಾಲವದು. ಊಟ್ ಎಂಬ ಅಲ್ಲಿನ ಮೂಲನಿವಾಸಿ ಬುಡಕಟ್ಟಿನವರು ತಮ್ಮ ನೆಲಕ್ಕಾಗಿ ಹೊಡೆದಾಡುತ್ತಿದ್ದರು. ಇಷ್ಟು ಅಚ್ಚುಕಟ್ಟಾದ ಮನೆಯಲ್ಲಿ ಅವರಿಗೊಂದು ಕೋಣೆಯಿಲ್ಲ. ನಾನು ಕೇಳಿದಾಗ ನಮಗೆ ಕೋಟೆ ತೋರಿಸುತ್ತಿದ್ದ ಅಜ್ಜಿ ಸಿಡುಕಲಿಲ್ಲ, ತಿಳಿದಷ್ಟು ಹೇಳಿದರು. ಕೇಳದಿದ್ದರೆ ಬಹುಶಃ ಸಿಹಿಯಾದ ಕಥೆಯಷ್ಟೇ ಸಿಗುತ್ತಿತ್ತು.

ಸಾಲ್ಟ್ ಲೇಕ್ ಸಿಟಿಯಿಂದ ದೂರ ಸುಮಾರು 275 ಕಿಲೋಮೀಟರ್, ಕಾರಿನಲ್ಲಿ ಎರಡೂವರೆ ಗಂಟೆ. 70ನೇ ಹೆದ್ದಾರಿ ಪಶ್ಚಿಮದಲ್ಲಿ ಮುಗಿಯುವುದು ಈ ಕೋಟೆಯ ಬಳಿಯೇ. ಅದರ ಇನ್ನೊಂದು ತುದಿ ಬಾಲ್ಟಿಮೋರ್; ಅಲ್ಲಿ "ಕೋವ್ ಫೋರ್ಟ್ 2200 ಮೈಲಿ" ಎಂಬ ಫಲಕವೇ ಇದೆ. ಹನ್ನೆರಡು ಕೋಣೆಯ ಮನೆಗೆ ಇಷ್ಟು ಮರ್ಯಾದೆ! ಜುಲೈ 24 ಬಿಟ್ಟು ಹೋಗಿ, ಅಂದು ವಲಸಿಗರು ಬಂದ ನೆನಪಿನ ರಜೆ, ಇಡೀ ಯೂಟಾ ರಸ್ತೆಯಲ್ಲಿರುತ್ತದೆ.

ಪ್ರಶ್ನೆ: ಹೊರದೇಶಗಳಲ್ಲಿ ನೂರೈವತ್ತು ವರ್ಷದ ಮನೆಯನ್ನೂ ಹೊಸದರಂತೆ ಇಡುತ್ತಾರೆ. ನಮ್ಮ ಪಾಳೆಯಗಾರರ ಅರಮನೆಯನ್ನು ಏಕೆ ಮತ್ತೆ ಕಟ್ಟಬಾರದು?
— ಕಾಲೇಜು ವಿದ್ಯಾರ್ಥಿ, ಹೊಸದುರ್ಗ

ಉತ್ತರ: ಬೇಡ ಮಾರಾಯ. ಮೇಲಿನ ಉತ್ತರವನ್ನೇ ನೋಡು. ಕೋವ್ ಫೋರ್ಟನ್ನು 1988ರಲ್ಲಿ ಹಿಂಕ್ಲಿ ವಂಶದವರು ಕೊಂಡು ತಮ್ಮ ಚರ್ಚಿಗೆ ಕೊಟ್ಟರು, 1994ರಲ್ಲಿ ಅದು ಜೀರ್ಣೋದ್ಧಾರಗೊಂಡು ಲೋಕಾರ್ಪಣೆಯಾಯಿತು. ಒಂದು ಕುಟುಂಬ, ಒಂದು ಚರ್ಚು. ಅವರ ಅಜ್ಜನ ಮನೆ, ಅವರ ದುಡ್ಡು, ಅವರ ಕಥೆ. ನಮ್ಮ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸುಪರ್ದಿನಲ್ಲಿದೆ, 1958ರ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ. ಉಳಿದದ್ದನ್ನು ಉಳಿಸುವುದು ಇಲಾಖೆಯ ಕೆಲಸ, ಹೊಸದು ಕಟ್ಟುವುದಲ್ಲ. ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡವೇ ನಿಷಿದ್ಧ. ನನಗೂ ಅದೇ ಸರಿಯೆನಿಸುತ್ತದೆ. ಮೇಲಿರುವ ಅರಮನೆಯ ಮಣ್ಣಿನ ಗೋಡೆಗಳು ಮಳೆಗೆ ಕರಗುತ್ತಾ ನಿಂತಿರುವುದೇ ಸತ್ಯ. ಸಿಮೆಂಟಿನ ಅರಮನೆ ಕಟ್ಟಿ ಸುಣ್ಣ ಬಳಿದರೆ ಅದು ಕಲ್ಯಾಣ ಮಂಟಪವಾದೀತು.

ಆದರೆ ನನ್ನದೊಂದು ಆಸೆಯಿದೆ. ಒನಕೆ ಕಿಂಡಿಯ ಮುಂದೆ ದಿನವೂ ಜನ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಹೈದರನ ಸೈನಿಕರು ನುಸುಳಿದ ಹೊತ್ತಿಗೆ ಕಾವಲುಗಾರ ಮನೆಯಲ್ಲಿ ಊಟಕ್ಕೆ ಕುಳಿತಿದ್ದ, ಓಬವ್ವ ನೀರಿಗೆ ಹೋಗಿದ್ದಳು ಎಂದು ಎಲ್ಲರೂ ಹೇಳುತ್ತಾರೆ. ಆ ಮನೆ ಹೇಗಿದ್ದೀತು ಎಂದು ಮಾತ್ರ ಯಾರೂ ತೋರಿಸುವುದಿಲ್ಲ. ಕೋಟೆಯೊಳಗೆ ಒಂದು ಕಲ್ಲನ್ನೂ ಅಲುಗಿಸದೆ, ಊರಿನ ಯಾವುದಾದರೂ ವಸ್ತುಸಂಗ್ರಹಾಲಯದ ಒಂದು ಕೋಣೆಯಲ್ಲಿ ಅದನ್ನು ಮಾಡಬಹುದು. ಒಲೆ, ಒರಳು, ರಾಗಿ ಬೀಸುವ ಕಲ್ಲು, ಮುದ್ದೆಯ ಹಿಟ್ಟಿನ ಕೋಲು, ಬಿದಿರ ಬುಟ್ಟಿ, ಮೂಲೆಯಲ್ಲಿ ಒನಕೆ. ಇದು ಊಹೆಯ ಮನೆ ಎಂದು ಬಾಗಿಲಲ್ಲೇ ಬರೆದು ಹಾಕಬೇಕು. ವಸ್ತುಗಳನ್ನು ಹುಡುಕಲು ಸರ್ಕಾರವೇ ಬೇಕಿಲ್ಲ, ನಮ್ಮ ಹಳ್ಳಿಗಳ ಅಟ್ಟಗಳಲ್ಲಿ ಇನ್ನೂ ಬಿದ್ದಿವೆ. ನಿನ್ನ ಕಾಲೇಜಿನ ಇತಿಹಾಸ ವಿಭಾಗದವರು ಪಟ್ಟಿ ಮಾಡಲು ಹೊರಟರೆ ತಿಳಿಸು, ನಮ್ಮ ಅತ್ತೆಯ ಬೀಸುಕಲ್ಲನ್ನು ಮೊದಲು ನಾನೇ ಕೊಡುತ್ತೇನೆ. ಹೊರುವುದಕ್ಕೆ ಇಬ್ಬರನ್ನು ಕರೆದುಕೊಂಡು ಬಾ.